ಹೆಲ್ಮೆಟ್ ತೆಗೆಯದೆ ಕೊಟ್ಟ ಪೇಢೆ

ಅವರ ತಲೆಯ ಬಲಭಾಗದಲ್ಲಿ, ಹಣೆ ಮುಗಿದು ಕೂದಲು ಶುರುವಾಗುವ ಜಾಗದಲ್ಲಿ, ಒಂದು ಕುಳಿ ಇತ್ತು. ಅರ್ಧ ಹೋಳು ನಿಂಬೆಹಣ್ಣು ಇಟ್ಟರೆ ಅಲ್ಲಾಡದೆ ಕೂರುವಷ್ಟು ಆಳ. ಇದು ನಾನು ಕಲ್ಪಿಸಿ ಹೇಳುತ್ತಿರುವ ಅಳತೆಯಲ್ಲ. ಬೇಸಿಗೆಯ ಮಧ್ಯಾಹ್ನ ಊಟ ಮುಗಿದ ಮೇಲೆ ಅವರೇ ಹಿಂಡಿದ ಹೋಳನ್ನು ಅಲ್ಲಿಟ್ಟುಕೊಂಡು, "ತಂಪ ಆಕ್ಕೈತಿ" ಎಂದು ಕಣ್ಣು ಮುಚ್ಚಿ ಕೂರುತ್ತಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದವರು ನಗಬೇಕೋ ಹೆದರಬೇಕೋ ತಿಳಿಯದೆ ರೊಟ್ಟಿ ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಕುಳಿಯ ಮೇಲಿನ ಚರ್ಮ ತೆಳ್ಳಗಿತ್ತು. ಸಿಟ್ಟು ಬಂದಾಗ ಅಲ್ಲಿ ನರ ಮಿಡಿಯುವುದು ಕಾಣುತ್ತಿತ್ತು. ಸಿಟ್ಟು ಬಾರದ ದಿನ ಅವರಿಗೆ ಕಡಿಮೆ. ದುರ್ಗದಬೈಲಿನ ಕಟಿಂಗ್ ಅಂಗಡಿಯವನು ಆ ಜಾಗ ಬಂದಾಗ ಕತ್ತರಿ ಕೆಳಗಿಟ್ಟು, "ಇಷ್ಟ ಸಾಕ್ರಿ" ಎಂದು ಎಬ್ಬಿಸಿ ಕಳಿಸುತ್ತಿದ್ದ. ಮುಂಜಾನೆ ವಿಭೂತಿ ಹಚ್ಚಿಕೊಳ್ಳುವಾಗ ಅವರ ಬೆರಳು ಕೂಡ ಹಣೆಯ ಮೇಲೆ ಅಡ್ಡ ಎಳೆಯುತ್ತ ಬಂದು ಆ ಅಂಚಿನಲ್ಲಿ ನಿಂತುಬಿಡುತ್ತಿತ್ತು.

ನಮಗೆಲ್ಲ ಅವರು ಸುಬೇದಾರ ಕಾಕಾ. ನನ್ನ ಅಪ್ಪ ಮತ್ತು ಅವರು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಸಾಲೆ ಕಲಿತವರು. ಅಪ್ಪ ಗೋಕುಲ ರಸ್ತೆಯಲ್ಲಿ ಹಿಟ್ಟಿನ ಗಿರಣಿಗೆ ಬೇಕಾದ ಮೋಟರು ತಯಾರಿಸುವ ಸಣ್ಣ ಕಾರ್ಖಾನೆ ಹಾಕಿದ. ಕಾಕಾ ಸೈನ್ಯಕ್ಕೆ ಹೋದರು. ಪಿಂಚಣಿಯನ್ನೂ ತಲೆಯ ಕುಳಿಯನ್ನೂ ಹೊತ್ತು ಮರಳಿದಾಗ ಅಪ್ಪ ಅವರನ್ನು ಕಾರ್ಖಾನೆಯ ಗೇಟಿನಲ್ಲಿ ಕೂರಿಸಿದ. ಅಪ್ಪ ತೀರಿಕೊಂಡ ಮೇಲೆ ಕಾರ್ಖಾನೆ ನನ್ನ ಕೈಗೆ ಬಂತು. ಗೇಟು ಮಾತ್ರ ಅವರ ಕೈಯಲ್ಲೇ ಉಳಿಯಿತು, ಮತ್ತು ಗೇಟಿನಲ್ಲಿ ಕೂತವರು ಒಳಗಿನದನ್ನೂ ಆಳಬಹುದು ಎನ್ನುವುದು ನನಗೆ ನಿಧಾನವಾಗಿ ತಿಳಿಯಿತು.

ಅವರು ಸಾಧು ಮನುಷ್ಯರಾಗಿರಲಿಲ್ಲ. ಸತ್ತವರ ಬಗ್ಗೆ ಬರೆಯುವಾಗ ಎಲ್ಲರನ್ನೂ ಸಾಧುಗಳನ್ನಾಗಿ ಮಾಡುವ ಚಟ ನಮ್ಮಲ್ಲಿದೆ, ನಾನು ಮಾಡುವುದಿಲ್ಲ. ಗೇಟಿಗೆ ಲಾರಿ ತಾಗಿಸಿದ ಚಾಲಕನನ್ನು ಕಾಲರು ಹಿಡಿದು ಕೆಳಗೆಳೆದು ಕೆನ್ನೆಗೆ ಬಾರಿಸಿದ್ದನ್ನು ನಾನೇ ನೋಡಿದ್ದೇನೆ. ನಾನೊಮ್ಮೆ ಹೆಲ್ಮೆಟ್ ಇಲ್ಲದೆ ಸ್ಕೂಟಿಯಲ್ಲಿ ಬಂದೆ. ಅವರ ಕೈಯಲ್ಲಿ ನಟ್ಟು ಬಿಗಿಯುವ ದೊಡ್ಡ ಪಾನಾ ಇತ್ತು. ಅದನ್ನೇ ಬೀಸಿ ಒಗೆದರು. ನನ್ನ ಕಿವಿಯ ಪಕ್ಕದಲ್ಲೇ ಹೋಗಿ ಗೇಟಿನ ತಗಡಿಗೆ ಬಡಿಯಿತು. ಕಿವಿಯಲ್ಲಿ ಸಂಜೆಯವರೆಗೂ ಅದೇ ಸದ್ದು.

"ಹತ್ತಿದ್ರ ಸಾಯ್ತಿದ್ದಿ ಯವ್ವಾ," ಎಂದರು ತಣ್ಣಗೆ. "ನಾಳಿಯಿಂದ ಹಾಕ್ಕೋತಿ."

ಆ ಹೊತ್ತು ನಾನು ಅವರಿಗೆ ಸಂಬಳ ಕೊಡುವ ಯಜಮಾನಿ. ನೌಕರಿಯಿಂದ ತೆಗೆದುಬಿಡಬೇಕು ಎಂದು ಉರಿದುಹೋದೆ. ಮರುದಿನ ಹೆಲ್ಮೆಟ್ ಹಾಕಿಕೊಂಡು ಹೋದೆ, ಅಷ್ಟೇ ಆದದ್ದು. ಅವರು ತಮ್ಮ ಕಪ್ಪು ಹೆಲ್ಮೆಟ್ಟನ್ನು ಗೇಟಿನ ಕುರ್ಚಿಯಲ್ಲಿ ಕೂತಾಗಲೂ ಮೊಣಕಾಲ ಮೇಲೆ ಇಟ್ಟುಕೊಂಡಿರುತ್ತಿದ್ದರು.

ಕುಳಿಯ ಕತೆ ಕೇಳಿದವರಿಗೆಲ್ಲ ಹೇಳುತ್ತಿದ್ದರು, ಆದರೆ ವೀರಗಾಥೆಯಾಗಿ ಅಲ್ಲ. ತಮ್ಮ ತಪ್ಪಿನ ಕತೆ ಎಂದೇ ಹೇಳುತ್ತಿದ್ದರು. ಚೀನಾದ ಗಡಿಯ ಎತ್ತರದ ಒಂದು ಠಾಣ್ಯದಲ್ಲಿ ಅವರಿದ್ದರು. ಅಲ್ಲಿ ಬಂದೂಕು ಇದ್ದರೂ ಹಾರಿಸುವಂತಿಲ್ಲ ಎಂದು ಎರಡೂ ಕಡೆಯವರು ಒಪ್ಪಿಕೊಂಡಿದ್ದರು. ಎದುರುಬದುರಾದಾಗ ಬಟ್ಟೆಯ ಫಲಕ ಬಿಚ್ಚಿ ಹಿಡಿಯುವುದು: ಇದು ನಮ್ಮ ನೆಲ, ಹಿಂದಕ್ಕೆ ಹೋಗಿ. ಅವರೂ ಅದನ್ನೇ ಬಿಚ್ಚಿ ಹಿಡಿಯುವುದು. ಆಮೇಲೆ ಎದೆಗೆ ಎದೆ ಕೊಟ್ಟು ದಬ್ಬಾಟ. ಹಬ್ಬದ ದಿನ ಮಾತ್ರ ಡೇರೆ ಹಾಕಿ ಎರಡೂ ಕಡೆಯ ಅಧಿಕಾರಿಗಳು ಕೈಕುಲುಕಿ ಸಿಹಿ ಹಂಚಿಕೊಳ್ಳುವ ಪದ್ಧತಿ. ಒಂದು ದೀಪಾವಳಿಗೆ ಕಾಕಾ ರಜೆಯಿಂದ ಧಾರವಾಡ ಪೇಢೆ ಒಯ್ದಿದ್ದರು. ಆ ಚಳಿಗೆ ಅದು ಗಟ್ಟಿಯಾಗಿ ಹಲ್ಲಿಗೆ ಸಿಗದಂತಾಗಿತ್ತು. ಒಲೆಯ ಹತ್ತಿರ ಇಟ್ಟು ಮೆತ್ತಗೆ ಮಾಡಿ ಎದುರಿನ ಅಧಿಕಾರಿಗೆ ಕೊಟ್ಟರು.

"ಒಂದ್ ತಿಂದ. ಸನ್ನಿ ಮಾಡಿ ಮತ್ತೊಂದ್ ಇಸಕೊಂಡ. ಮೀಸ್ಯಾಗ ಸಕ್ರಿ ಹತ್ತಿತ್ತು ಮಗಂಗ," ಎನ್ನುತ್ತಿದ್ದರು. "ನಾ ಅನಕೊಂಡೆ, ಇವ ನಮ್ಮಾಂವ ಆದ ಅಂತ."

ಕೆಲ ದಿನಗಳ ಮೇಲೆ ಹಳ್ಳದ ದಂಡೆಯಲ್ಲಿ ಅದೇ ಅಧಿಕಾರಿಯ ತಂಡ ಎದುರಾಯಿತು. ಮಧ್ಯಾಹ್ನದ ಬಿಸಿಲು, ಏರು ಹತ್ತಿ ಬಂದ ದಣಿವು. ಫಲಕ ಬಿಚ್ಚುವ ಮೊದಲು ಕಾಕಾ ಹೆಲ್ಮೆಟ್ ತೆಗೆದು ಬೆವರೊರೆಸಿಕೊಂಡರು, ಪರಿಚಯದವರು ತಾನೆ. ಮೇಲಿನ ದಿಬ್ಬದಿಂದ ಕಲ್ಲು ಬಿದ್ದವು. ಮೊದಲನೆಯದು ಪಕ್ಕದವನ ದವಡೆಯನ್ನು ಕಿತ್ತು ಒಂದು ಬದಿಗೆ ತಂದಿತು. ಎರಡನೆಯದು ಇವರ ತಲೆಗೆ. ಕಣ್ಣಿನೊಳಗೆ ರಕ್ತ ಇಳಿದು ಏನೂ ಕಾಣದಿದ್ದರೂ ಕೈಗೆ ಸಿಕ್ಕ ಒಬ್ಬನನ್ನು ನೆಲಕ್ಕೆ ಕೆಡವಿ, ಕೈಯಲ್ಲಿದ್ದ ಹೆಲ್ಮೆಟ್ಟಿನಿಂದಲೇ ಅವನ ಮುಖವನ್ನು ಜಜ್ಜಿದರಂತೆ. ಅವನ ಮೂಗು ಒಳಗೆ ಹೋದದ್ದು ಕೈಗೆ ತಿಳಿಯಿತು ಎನ್ನುತ್ತಿದ್ದರು. ನೀರಿಗೆ ಬಿದ್ದವರನ್ನು ಎರಡೂ ಕಡೆಯವರು ಕಾಲು ಹಿಡಿದು ಎಳೆದರು. ಕೆಲವರನ್ನು ಉಳಿಸಲು, ಕೆಲವರನ್ನು ಮುಳುಗಿಸಲು.

ಕೇಳುವವರು ಇಲ್ಲಿ ನಿಟ್ಟುಸಿರು ಬಿಟ್ಟು, "ಅಂಥವರಿಗೆ ಪೇಢೆ ಕೊಟ್ರಲ್ಲರಿ" ಎಂದರೆ ಅವರ ಕುಳಿಯ ನರ ಎದ್ದುನಿಲ್ಲುತ್ತಿತ್ತು.

"ಪೇಢೆ ಕೊಟ್ಟದ್ದು ತಪ್ಪಲ್ಲಲೇ. ಪೇಢೆ ಕೊಟ್ಟೇನಿ ಅಂತ ಹೆಲ್ಮೆಟ್ ತಗದದ್ದು ತಪ್ಪು. ದವಾಖಾನಿಯಿಂದ ನನ್ನ ಜಾಗಾಕ್ಕ ಬಂದಾವಗ ಹೇಳಿ ಕಳಿಸಿದ್ದೆ, ಪೇಢೆ ನಿಲ್ಲಸಬ್ಯಾಡ, ಹೆಲ್ಮೆಟ್ ತಗೀಬ್ಯಾಡ ಅಂತ."

ಆ ಮಾತು ನನ್ನ ವ್ಯಾಪಾರಕ್ಕೆ ಬೇಕಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ. ಮೋಟರಿಗೆ ತಾಮ್ರದ ತಂತಿ ಸುತ್ತುವ ಕೆಲಸವನ್ನು ನಮ್ಮಲ್ಲಿ ಹೆಂಗಸರು ಕೈಯಿಂದ ಮಾಡುತ್ತಿದ್ದರು. ಅದನ್ನು ತಾನೇ ಮಾಡುವ ಯಂತ್ರ ಚೀನಾದಲ್ಲಿ ಸಿಗುತ್ತಿತ್ತು. ಬೇರೆ ದೇಶದವುಗಳ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ನಾನು ಕರಾರಿನ ಕಾಗದ ತಂದು ಮೇಜಿನ ಮೇಲಿಟ್ಟೆ. ಕಾಕಾ ಒಂದೇ ಪ್ರಶ್ನೆ ಕೇಳಿದರು. "ಇದರ ಕೀಲಿ ಯಾರ ಕೈಯಾಗ ಇರತೈತಿ?"

ನಾನು ಹೇಳಿದೆ. ಯಂತ್ರ ಸದಾ ಇಂಟರ್‌ನೆಟ್ಟಿಗೆ ಜೋಡಿಸಿರಬೇಕು, ಅದರ ತಂತ್ರಾಂಶ ಅವರ ಕಚೇರಿಯ ಹಿಡಿತದಲ್ಲಿರುತ್ತದೆ, ಎಲ್ಲರೂ ಹೀಗೇ ಕೊಳ್ಳುತ್ತಾರೆ.

"ಅಂದ್ರ ಅವರು ಅಲ್ಲೆ ಕುಂತು ಇಲ್ಲೆ ಬಂದ್ ಮಾಡಬಹುದು."

"ಯಾಕ ಮಾಡ್ತಾರ ಕಾಕಾ? ಅವರಿಗೂ ವ್ಯಾಪಾರ ಬೇಕಲ್ರಿ."

ಮೇಜನ್ನು ಎರಡೂ ಕೈಯಿಂದ ಎತ್ತಿ ಮಗುಚಿದರು. ಚಹಾ, ಕಾಗದ, ನನ್ನ ಫೋನು ಎಲ್ಲ ನೆಲದ ಮೇಲೆ. "ಮೀಸ್ಯಾಗ ಸಕ್ರಿ ಇದ್ದಾವಗೂ ಪೇಢೆ ಬೇಕಾಗಿತ್ತು," ಎಂದು ಹೊರಗೆ ಹೋಗಿ ಕೂತರು.

ನೆಲ ಒರೆಸುತ್ತ ನಾನು ಅತ್ತೆ. ಆಮೇಲೆ ಚೌಕಾಸಿಗೆ ಕೂತೆ. ವಾರಗಟ್ಟಲೆ ಎಳೆದಾಡಿ, ಇಂಟರ್‌ನೆಟ್ಟಿನ ಹಂಗಿಲ್ಲದ ಯಂತ್ರವನ್ನೇ ಒಪ್ಪಿಸಿದೆ. ಅದಕ್ಕೆ ಹೆಚ್ಚಿಗೆ ತೆತ್ತೆ. ಸವೆಯುವ ಭಾಗಗಳನ್ನು ನಮ್ಮ ರಸ್ತೆಯಲ್ಲೇ ಕಬ್ಬಿಣ ಕಡೆಯುವ ಲೇತಿನವನಿಂದ ಮಾಡಿಸಿ ನೋಡಿದೆವು. ಕೈಯಿಂದ ಸುತ್ತುವ ಹಳೆಯ ಚೌಕಟ್ಟುಗಳನ್ನು ಗುಜರಿಗೆ ಹಾಕಲು ಕಾಕಾ ಬಿಡಲಿಲ್ಲ. ಇಬ್ಬರು ಹೆಂಗಸರಾದರೂ ದಿನಾ ಅದರ ಮೇಲೆ ಕೂರಬೇಕು, ಕೈ ಮರೆಯಬಾರದು ಎಂದರು.

ಈಗ ದಿನಾ ಸಂಜೆ ಟಿ.ವಿ.ಯಲ್ಲಿ ಟೈ ಕಟ್ಟಿದವರು ಇದೇ ವಿಷಯಕ್ಕೆ ಕಿರುಚಾಡುತ್ತಾರೆ. ಒಬ್ಬ ಅವರ ಒಂದು ಸೂಜಿಯನ್ನೂ ಕೊಳ್ಳಬೇಡಿ ಎನ್ನುತ್ತಾನೆ. ಇನ್ನೊಬ್ಬ ವ್ಯಾಪಾರ ಬೇರೆ, ಗಡಿ ಬೇರೆ, ಸುಮ್ಮನೆ ಕೊಳ್ಳಿ ಎನ್ನುತ್ತಾನೆ. ನನಗೆ ಇಬ್ಬರ ಮೇಲೂ ಪಾನಾ ಒಗೆಯಬೇಕೆನ್ನಿಸುತ್ತದೆ. ಬಲವಂತನೂ ಬಾಯಿ ಬಿಡದವನೂ ಆದ ನೆರೆಯವನ ಜೊತೆ ಬದುಕುವುದು ಹೇಗೆ ಎಂದು ಕೇಳಿದರೆ ಇವರಲ್ಲಿ ಯಾರೂ ಹೆಲ್ಮೆಟ್ಟಿನ ಮಾತನ್ನೇ ಎತ್ತುವುದಿಲ್ಲ.

ಕಾಕಾಗೆ ಮಕ್ಕಳಿರಲಿಲ್ಲ. ಹೆಂಡತಿ ಬೇಗ ಹೋಗಿದ್ದಳು. ಹಳೇ ಹುಬ್ಬಳ್ಳಿಯಲ್ಲಿದ್ದ ವಿಧವೆ ತಂಗಿಯ ಮಗನೇ ಅವರ ಮಗ. ಇಪ್ಪತ್ತರ ಆಸುಪಾಸಿನ ಕಟ್ಟುಮಸ್ತಾದ ಆಳು. ಸೈನ್ಯದ ಭರ್ತಿಗೆಂದು ಮುಂಜಾನೆ ಉಣಕಲ್ ಕೆರೆಯ ದಂಡೆಯಲ್ಲಿ ಓಡುತ್ತಿದ್ದ. ಕಾಕಾ ಹಿಂದಿನಿಂದ ಬೈಕಿನಲ್ಲಿ ಬೈಯುತ್ತ ಹೋಗುತ್ತಿದ್ದರು. ಅವನಿಗೆ ಸೈನ್ಯ ಸೇರುವ ಕಾರಣ ಒಂದೇ. ಮಾಮನ ತಲೆ ಒಡೆದವರ ತಲೆ ಒಡೆಯುವುದು. ಯಂತ್ರ ತರಿಸುತ್ತೇವೆಂದು ಗೊತ್ತಾದಾಗ ಅವನು ನನ್ನೆದುರೇ ಮಾಮನ ಜೊತೆ ಜಗಳಕ್ಕೆ ನಿಂತ. ಕಾಕಾ ಅವನ ಕಿಸೆಯಿಂದ ಫೋನು ಕಿತ್ತು, "ಇದೂ ಅವರದ. ಒಡೀಲೇನು?" ಎಂದು ಕೇಳಿದರು. ಅವನು ಫೋನು ಕಸಿದುಕೊಂಡು ಹೋದ. ಆ ದಿನ ನಾವಿಬ್ಬರೂ ನಕ್ಕೆವು.

ಯಂತ್ರದ ಹಿಂದೆಯೇ ಅದನ್ನು ಕೂರಿಸಲು ಚೀನಾದ ಒಬ್ಬ ಇಂಜಿನಿಯರು ಬಂದ. ನಲವತ್ತರ ಸಪೂರ ಮನುಷ್ಯ, ಅರೆಬರೆ ಇಂಗ್ಲಿಷು. ಅವನ ಟ್ಯಾಕ್ಸಿ ನಿಂತಾಗ ಗೇಟಿನಲ್ಲಿ ಕಾಕಾ ಇದ್ದರು: ತಲೆಯ ಮೇಲೆ ಹೆಲ್ಮೆಟ್, ಗದ್ದದ ಕೆಳಗೆ ಪಟ್ಟಿ ಬಿಗಿದಿದೆ, ಕೈಯಲ್ಲಿ ಪೇಢೆಯ ಡಬ್ಬಿ. ಕಾರ್ಖಾನೆಯ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಇಂಜಿನಿಯರು ಗಂಭೀರವಾಗಿ ಪೇಢೆ ತಿಂದ. ಕಾಕಾ ತಮಗೆ ಬರುತ್ತಿದ್ದ ಒಂದೇ ಒಂದು ಚೀನಿ ವಾಕ್ಯ ಹೇಳಿದರು. ಅವನು ಗಾಬರಿಯಾಗಿ ನನ್ನತ್ತ ನೋಡಿದ. ಅದು ಗಡಿಯ ಫಲಕದ ವಾಕ್ಯ: ಇದು ನಮ್ಮ ನೆಲ, ಹಿಂದಕ್ಕೆ ಹೋಗಿ.

ಅಂದಿನಿಂದ ಅದೇ ಅವರಿಬ್ಬರ ನಮಸ್ಕಾರವಾಯಿತು. ಮುಂಜಾನೆ ಇವರು ಹೇಳುವುದು, ಸಂಜೆ ಅವನು ತಿರುಗಿ ಹೇಳುವುದು. ಒಳಗೆ ಹೋಗುವಾಗ, ಹೊರಗೆ ಬರುವಾಗ ಅವನ ಚೀಲವನ್ನು ತಳದವರೆಗೂ ಬಿಚ್ಚಿಸಿ ನೋಡುತ್ತಿದ್ದರು. ನೋಡಿದ ಮೇಲೆ ಕಪ್ಪಿನ ಕೆಳಗಿನ ಬಸಿಗೆ ಅರ್ಧ ಚಹಾ ಸುರಿದು ಕೊಡುತ್ತಿದ್ದರು. ಒಂದನ್ನೂ ಬಿಡಲಿಲ್ಲ, ಚೀಲವನ್ನೂ ಚಹಾವನ್ನೂ.

ಕೆಲಸ ಮುಗಿಯುವ ಹೊತ್ತಿಗೆ ರೋಗದ ವರ್ಷ ಬಂತು. ವಿಮಾನಗಳು ನಿಂತವು. ಇಂಜಿನಿಯರು ಕಾರ್ಖಾನೆಯ ಮೇಲಿನ ಕೋಣೆಯಲ್ಲಿ ಸಿಕ್ಕಿಬಿದ್ದ. ಬೀಗ ತೆರೆದು ನಾವು ಮತ್ತೆ ಕೆಲಸ ಶುರುಮಾಡಿದ ದಿನಗಳಲ್ಲೇ ಗಡಿಯಿಂದ ಸುದ್ದಿ ಬಂತು. ನಮ್ಮ ಸೈನಿಕರನ್ನು ಮೊಳೆ ಬಡಿದ ಬಡಿಗೆಗಳಿಂದ ಹೊಡೆದು ಕೊಂದಿದ್ದಾರೆ. ಶವಪೆಟ್ಟಿಗೆಗಳು ಬಂದವು, ಹೆಸರುಗಳು ಬಂದವು, ಅವರ ತಾಯಂದಿರ ಮುಖಗಳು ಬಂದವು. ಕಾಕಾ ಆ ದಿನ ಉಣ್ಣಲಿಲ್ಲ. ಕುರ್ಚಿಯಲ್ಲಿ ಕೂತು ಬೆರಳಿನಿಂದ ಕುಳಿಯನ್ನು ಒತ್ತಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ, "ಒಳಗ ಹೋಗು" ಎಂದಷ್ಟೇ ಅಂದರು.

ಮರುದಿನ ಮಧ್ಯಾಹ್ನ ಇಳಿಯುವಾಗ ರಸ್ತೆಯ ಆ ತುದಿಯಿಂದ ಗುಂಪು ಬಂತು. ನಮ್ಮ ತಿರುವಿನಲ್ಲಿ ಗೋಬಿ ಮಂಚೂರಿ ಮಾರುವ ಒಬ್ಬ ಗಾಡಿ ನಿಲ್ಲಿಸುತ್ತಿದ್ದ. ಗಾಡಿಯ ಮೇಲೆ ಕೆಂಪು ಅಕ್ಷರದಲ್ಲಿ 'ಚೈನೀಸ್' ಎಂದು ಬರೆಸಿದ್ದ. ಗುಂಪಿಗೆ ಅಷ್ಟು ಸಾಕಾಯಿತು. ಗಾಡಿ ಉರುಳಿಸಿದರು. ಬಾಣಲೆಯ ಎಣ್ಣೆ ಅವನ ಮೊಣಕಾಲಿನಿಂದ ಕೆಳಗೆ ಪೂರ್ತಿ ಇಳಿಯಿತು. "ನಾ ಹೆಬಸೂರಿನಾವರಿ, ಎಪ್ಪಾ, ನಾ ಹೆಬಸೂರಿನಾಂವ" ಎಂದು ಅವನು ಕೂಗುವುದು ನಮ್ಮ ಗೇಟಿಗೆ ಕೇಳುತ್ತಿತ್ತು. ಬೆಂದ ಚರ್ಮ ಪಾಯಜಾಮಕ್ಕೆ ಅಂಟಿಕೊಂಡಿತ್ತು. ಅವನ ಮೇಲೆ ಕಾಲಿಟ್ಟು ದಾಟಿ ಗುಂಪು ನಮ್ಮ ಕಡೆ ಬಂತು. ಮೇಲಿನ ಕೋಣೆಯಲ್ಲಿ ಯಾರಿದ್ದಾರೆ ಎಂದು ಅವರಿಗೆ ಗೊತ್ತಿತ್ತು. ಮುಂದೆ ಇದ್ದವನು ಕಾಕಾನ ತಂಗಿಯ ಮಗ.

ನಾನು ಠಾಣೆಗೆ ಫೋನು ಹಚ್ಚಿದೆ. ಬರುತ್ತೇವೆ ಎಂದರು. ಕಾಕಾ ಹೆಲ್ಮೆಟ್ ಹಾಕಿಕೊಂಡು ಪಟ್ಟಿ ಬಿಗಿದು, ಗೇಟಿಗೆ ಒಳಗಿನಿಂದ ಅಡ್ಡ ಹಾಕುತ್ತಿದ್ದ ಕಬ್ಬಿಣದ ರಾಡನ್ನು ತೆಗೆದುಕೊಂಡು ಹೊರಗೆ ಹೋದರು. ಹಿಂದಿನಿಂದ ನನಗೆ ಬೀಗ ಹಾಕಲು ಹೇಳಿದರು. ನಾನು ತಗಡಿನ ಸಂದಿಯಿಂದ ನೋಡುತ್ತಿದ್ದೆ.

"ಮಾಮಾ, ಬಾಜೂ ಸರಿ," ಎಂದ ಅವನು. ಅವನ ಬಲಗೈಯಲ್ಲಿ ಬಾಯಿಗೆ ಚಿಂದಿ ತುರುಕಿದ ಪೆಟ್ರೋಲ್ ಬಾಟಲಿ ಇತ್ತು. "ನಿನ್ನ ತಲಿ ಒಡದವರನ್ನ ಮನ್ಯಾಗ ಇಟಗೊಂಡು ಚಹಾ ಕುಡಸಾಕತ್ತಿ. ನಾಚಿಕಿ ಬರೂದಿಲ್ಲೇನು?"

"ನನ್ನ ತಲಿ ಒಡದಾಂವ ಅಲ್ಲೆ ಗಡಿಮ್ಯಾಲ ಅದಾನ. ಧೈರ್ಯ ಇದ್ರ ಭರ್ತಿಯಾಗಿ ಅಲ್ಲಿ ಹೋಗು. ಇಂವ ಮಷೀನ್ ಕೂಡ್ರಸಾಕ ಬಂದಾಂವ."

"ಎಲ್ಲಾರೂ ಒಂದ."

"ಗೋಬಿ ಮಾರೂವನೂ ಒಂದ ಏನಲೇ? ಅವನ ಕಾಲ್ ನೋಡು ಹಿಂದ ತಿರುಗಿ."

ಅವನು ತಿರುಗಲಿಲ್ಲ. ಗುಂಪಿನಿಂದ ಕಲ್ಲು ಬಂತು. ಕಾಕಾನ ಹೆಲ್ಮೆಟ್ಟಿಗೆ ಬಲಗಡೆ, ಸರಿಯಾಗಿ ಕುಳಿಯ ಮೇಲೆ ಬಡಿಯಿತು. ಅವರು ಒಂದು ಹೆಜ್ಜೆ ಓಲಾಡಿದರು, ಬೀಳಲಿಲ್ಲ. ಇಬ್ಬರು ಕೋಲು ಹಿಡಿದು ಮೈಮೇಲೆ ಬಂದರು. ರಾಡಿನ ಮೊದಲ ಹೊಡೆತ ಒಬ್ಬನ ಬಾಯಿಗೆ ಬಿತ್ತು. ಅವನು ಹಲ್ಲನ್ನು ಅಂಗೈಯಲ್ಲಿ ಉಗುಳಿಕೊಂಡು ಕೂತುಬಿಟ್ಟ. ಇನ್ನೊಬ್ಬನ ಮೊಣಕಾಲಿಗೆ ಕೊಟ್ಟರು. ಅಷ್ಟರಲ್ಲಿ ತಂಗಿಯ ಮಗ ಚಿಂದಿಗೆ ಬೆಂಕಿ ಹಚ್ಚಿ, ಮೇಲಿನ ಕೋಣೆಯ ಕಿಟಕಿಗೆ ಗುರಿಯಿಟ್ಟು ಕೈ ಹಿಂದಕ್ಕೆಳೆದ. ಕಿಟಕಿಯಲ್ಲಿ ಇಂಜಿನಿಯರಿನ ಮುಖ ಇತ್ತು. ಕಾಕಾ ರಾಡನ್ನು ಎರಡೂ ಕೈಯಿಂದ ಎತ್ತಿ ಆ ಮಣಿಕಟ್ಟಿನ ಮೇಲೆ ಇಳಿಸಿದರು. ಒಣಗಿದ ಜೋಳದ ದಂಟು ಮುರಿದಂಥ ಸದ್ದು. ಬಾಟಲಿ ಅವರಿಬ್ಬರ ನಡುವೆ ಒಡೆದು ಉರಿಯಿತು. ಕಾಕಾ ಉರಿಯುವ ನೆಲದ ಮೇಲೆ ಕಾಲಿಟ್ಟು ಅವನನ್ನು ಕತ್ತು ಹಿಡಿದು ಈಚೆಗೆ ಎಳೆದುಕೊಂಡರು. ಅವನ ಕೈ ಮಣಿಕಟ್ಟಿನಿಂದ ಬೇರೆ ದಿಕ್ಕಿಗೆ ನೇತಾಡುತ್ತಿತ್ತು, ಎಲುಬಿನ ತುದಿ ಹೊರಗೆ ಬಂದಿತ್ತು. ಅದನ್ನು ಕಂಡು ಗುಂಪು ಒಬ್ಬೊಬ್ಬರಾಗಿ ಕರಗಿತು.

ಕಾಕಾ ತಮ್ಮ ಟವೆಲ್ಲು ಹರಿದು, ಕಿಸೆಯಲ್ಲಿದ್ದ ಪಾನಾವನ್ನೇ ಆಸರೆಯಾಗಿಟ್ಟು ಆ ಕೈ ಕಟ್ಟಿದರು. ಅವನು ಆ ನೋವಿನಲ್ಲೂ ಮಾಮನ ಮುಖಕ್ಕೆ ಉಗುಳಿದ. ಅವರು ಒರೆಸಿಕೊಳ್ಳದೆ ಗಂಟು ಬಿಗಿದರು.

ಅವನನ್ನೂ ಗೋಬಿಯವನನ್ನೂ ದವಾಖಾನೆಗೆ ಕಳಿಸಿ ನಾವು ಠಾಣೆಗೆ ಹೋದೆವು. ಠಾಣೆಯಲ್ಲಿ ಫೌಜದಾರರು ಒಳ್ಳೆಯ ಮನುಷ್ಯ. "ಸುಬೇದಾರ್ರ, ನಿಮ್ಮ ಅಳಿಯಾ ಅದಾನ. ಗದ್ದಲದಾಗ ಯಾರೋ ಹೊಡದ್ರು, ಬಾಟ್ಲಿ ಯಾರೋ ತಂದ್ರು ಅಂತ ಬರಕೋತೇನ್ರಿ. ಹುಡುಗನ ಜೀವನ ಐತಿ," ಎಂದರು.

ಕಾಕಾ ರಾಡನ್ನು ಅವರ ಮೇಜಿನ ಮೇಲಿಟ್ಟರು. "ನಾ ಹೊಡದೇನಿ ಅಂತ ಬರೀರಿ. ಬೆಂಕಿ ಹಚ್ಚಿದಾಂವ ನನ್ನ ಅಳಿಯಾ ಅಂತ ಬರೀರಿ."

ನಾನು ಅವರನ್ನು ಹೊರಗೆ ಕರೆದು ಕೈ ಹಿಡಿದುಕೊಂಡೆ. ಕೈ ಕೂಡಿಕೊಂಡರೂ, ಕೇಸು ಬಿದ್ದರೆ ಅವನು ಸೈನ್ಯಕ್ಕೆ ಸೇರುವುದು ಮುಗಿದ ಮಾತು ಎಂದೆ. ಅಷ್ಟೂ ವರ್ಷ ಬೈಕಿನಲ್ಲಿ ಅವನ ಹಿಂದೆ ಹೋದವರು ಅವರೇ. "ಗೊತ್ತೈತಿ," ಎಂದರು. ಆಮೇಲೆ, "ಗೋಬಿಯಾವನ ಕಾಲು ಯಾರ ಸುಟ್ಟರು ಅಂತ ಬರಕೊಳ್ಳಲಿ?" ಎಂದು ಕೇಳಿದರು. ಆ ಹೊತ್ತಿನಲ್ಲಿ ನಾನು ಅವರನ್ನು ದ್ವೇಷಿಸಿದೆ ಎಂದೇ ಹೇಳಬೇಕು.

ಸಂಜೆ ಇಂಜಿನಿಯರು ಕೆಳಗೆ ಬಂದ. ಕಾಕಾನ ಎದುರು ನೆಲದ ಮೇಲೆ ಕೂತು, ನಡುವೆ ನನ್ನನ್ನು ಕೂರಿಸಿಕೊಂಡು ಒಂದು ಮಾತು ಕೇಳಿದ. ಗಡಿಯಲ್ಲಿ ತಮ್ಮ ಕಡೆಯವರು ಎಷ್ಟು ಜನ ಸತ್ತರು? ಅವನ ದೇಶದ ಸುದ್ದಿಯಲ್ಲಿ ಏನೂ ಇರಲಿಲ್ಲ. ಅವನ ಹೆಂಡತಿಯ ತಮ್ಮ ಅದೇ ಕಡೆಯ ಸೈನ್ಯದಲ್ಲಿದ್ದ. ಮನೆಯವರು ಎರಡು ಸಲ ವಿಚಾರಿಸಿದ್ದಕ್ಕೆ ಇನ್ನು ಕೇಳಬೇಡಿ ಎಂದು ಯಾರೋ ಬಂದು ಹೇಳಿ ಹೋಗಿದ್ದರಂತೆ.

"ನಿಮ್ಮಾವರೂ ಸತ್ತಿರತಾರ," ಎಂದರು ಕಾಕಾ. "ಅಂಥಾ ಜಗಳದಾಗ ಒಂದ ಕಡಿಯಾವ್ರು ಅಷ್ಟ ಸಾಯೂದಿಲ್ಲ. ನಾ ಕಂಡೇನಿ."

ಅವನು ತಲೆ ತಗ್ಗಿಸಿದ. ಕಾಕಾ ನನ್ನ ಕಡೆ ತಿರುಗಿ, ಇದನ್ನು ಸರಿಯಾಗಿ ಹೇಳು ಎಂದು ಎಚ್ಚರಿಸಿ ಹೇಳಿದರು. "ಇಲ್ಲೆ ಸತ್ತವರ ಹೆಸರು ಹೇಳ್ತಾರ. ಹೇಳಿದ ಮ್ಯಾಲ ಮಂದಿ ಹುಚ್ಚರಾಗಿ ಕಲ್ಲು ಒಗೀತಾರ, ನೀ ನೋಡಿದಿ. ನಿಮ್ಮಲ್ಲೆ ಹೇಳೂದ ಇಲ್ಲ. ಎರಡರಾಗ ನನಗ ಇಲ್ಲೀದ ಬೇಕು, ಕಲ್ಲು ಬಿದ್ರೂ. ಕಲ್ಲು ಒಗದಾವನ ಮ್ಯಾಲ ನಾ ಕೇಸು ಹಾಕಬಹುದು. ನನ್ನ ಮ್ಯಾಲೂ ಹಾಕಬಹುದು. ನೀ ಯಾರ ಮ್ಯಾಲ ಹಾಕ್ತಿ?"

ನಾನು ಹೇಳಿದೆ. ಅವನು ಅಳುವುದನ್ನು ಕಾಕಾ ನೋಡಿಯೂ ನೋಡದಂತೆ ಬಸಿಗೆ ಚಹಾ ಸುರಿದರು. ಮರುದಿನ ಮುಂಜಾನೆ ಅವನ ಚೀಲವನ್ನು ಎಂದಿನಂತೆ ತಳದವರೆಗೂ ಬಿಚ್ಚಿಸಿದರು. ನಾನು ರೇಗಿದೆ. ನಿನ್ನೆ ತಾನೆ ಅವನಿಗಾಗಿ ರಕ್ತ ಹರಿಸಿದವರು ಇವತ್ತು ಚೀಲ ನೋಡುತ್ತೀರಲ್ಲ ಎಂದೆ.

"ಅವನ ಜೀವಾ ಕಾಯೂದು ನನ್ನ ಕೆಲಸ. ಚೀಲಾ ನೋಡೂದೂ ನನ್ನ ಕೆಲಸ," ಎಂದರು.

ಪಂಚಮಿ ಬಂತು. ನಮ್ಮ ಕಡೆ ಅಣ್ಣನಾದವನು ತಂಗಿಯನ್ನು ಹಬ್ಬಕ್ಕೆ ಕರೆದು ತರದಿದ್ದರೆ ಅದು ಹಬ್ಬವೇ ಅಲ್ಲ. ಕಾಕಾ ಉಂಡಿಯ ಡಬ್ಬಿ ಹಿಡಿದು ಹಳೇ ಹುಬ್ಬಳ್ಳಿಗೆ ಹೋದರು, ಹೆಲ್ಮೆಟ್ಟನ್ನು ಬೈಕಿಗೆ ಸಿಕ್ಕಿಸಿ ಬರಿತಲೆಯಲ್ಲಿ ಬಾಗಿಲು ತಟ್ಟಿದರು. ತಂಗಿ ಬಾಗಿಲು ತೆರೆದು, ಡಬ್ಬಿ ತೆಗೆದುಕೊಂಡು, ಉಂಡಿಗಳನ್ನು ಒಂದೊಂದಾಗಿ ಅವರ ಎದೆಗೆ ಒಗೆದಳು. "ನನ್ನ ಮಗನ ಕೈ ತಂದುಕೊಡು," ಎಂದಳಂತೆ. ಅಂಗಿಯ ಮೇಲೆಲ್ಲ ಶೇಂಗಾ, ಬೆಲ್ಲ ಅಂಟಿಸಿಕೊಂಡೇ ಅವರು ಕಾರ್ಖಾನೆಗೆ ಬಂದರು. ಕೋರ್ಟಿನಲ್ಲಿ ಅವರು ನಡೆದದ್ದನ್ನು ನಡೆದಂತೆ ಹೇಳಿದರು, ತಾವು ಮಾಡಿದ್ದನ್ನೂ ಸೇರಿಸಿ. ಹೇಳುವಾಗ ಕುಳಿಯ ನರ ಮಿಡಿಯುತ್ತಿತ್ತು. ಅದು ಸಿಟ್ಟಲ್ಲ ಎಂದು ನನಗೆ ಅಂದು ಮೊದಲ ಸಲ ತಿಳಿಯಿತು.

ವಿಮಾನ ಶುರುವಾದಾಗ ಇಂಜಿನಿಯರು ಹೊರಟ. ಟ್ಯಾಕ್ಸಿಯ ಬಾಗಿಲಲ್ಲಿ ನಿಂತು ಕಾಕಾ ಆ ಫಲಕದ ವಾಕ್ಯವನ್ನೇ ಹೇಳಿದರು. ಅವನು ಈ ಸಲ ತಿರುಗಿ ಹೇಳದೆ ಬಗ್ಗಿ ಅವರ ಕೈಯನ್ನು ಹಣೆಗೆ ಒತ್ತಿಕೊಂಡ. ಅವನ ಹೆಂಡತಿಯ ತಮ್ಮನಿಗೆ ಏನಾಯಿತೋ ನಮಗೆ ಗೊತ್ತಾಗಲಿಲ್ಲ. ಆಮೇಲೆ ಅಲ್ಲಿಂದ ದುರಸ್ತಿಗೆ ಬರುವವರಿಗೆ ವೀಸಾ ಸಿಗುವುದು ಕಷ್ಟವಾಗಿ ನಮ್ಮ ರಸ್ತೆಯಲ್ಲಿ ಹಲವು ಯಂತ್ರಗಳು ಮುಸುಕು ಹೊದ್ದು ಕೂತವು. ನಮ್ಮದು ಓಡಿತು. ಲೇತಿನವನು ಮಾಡಿಕೊಟ್ಟ ಭಾಗಗಳು ಸದ್ದು ಮಾಡುತ್ತವೆ, ಆದರೆ ಓಡುತ್ತವೆ. ಅದು ಕೆಟ್ಟ ದಿನ ಇಬ್ಬರು ಹೆಂಗಸರು ಕೈಯಿಂದ ಸುತ್ತುತ್ತಾರೆ. ಮೂವತ್ತು ಮನೆಗಳ ಒಲೆ ಹೀಗೆ ಉರಿಯುತ್ತಿದೆ, ಮತ್ತು ಅದು ಆ ಮಗುಚಿದ ಮೇಜಿನ ಋಣ.

ಈಗ ಮತ್ತೆ ಅಲ್ಲಿಯ ಜನ ಬಂದುಹೋಗಿ ಮಾಡುತ್ತಾರೆ. ಗೇಟಿನಲ್ಲಿ ನಾನೇ ನಿಲ್ಲುತ್ತೇನೆ, ತಲೆಯ ಮೇಲೆ ಹೆಲ್ಮೆಟ್, ಕೈಯಲ್ಲಿ ಪೇಢೆಯ ಡಬ್ಬಿ. ಹೆಂಗಸರು ಈಗ ನಗುವುದಿಲ್ಲ.

ಕಾಕಾ ಹೋದದ್ದು ಗೇಟಿನ ಕುರ್ಚಿಯಲ್ಲೇ. ತಲೆಯ ಹಳೆಯ ಪೆಟ್ಟಿನಿಂದ ಆಗೀಗ ಮೂರ್ಛೆ ಬರುತ್ತಿತ್ತು. ಒಂದು ಮುಂಜಾನೆ ಬಂದದ್ದು ಬಿಡಲಿಲ್ಲ. ಕೇಸಿನ ತೀರ್ಪು ಇನ್ನೂ ಬಂದಿರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕುಳಿತ ಭಂಗಿಯಲ್ಲೇ ಮಣ್ಣು ಮಾಡುತ್ತೇವೆ. ಗುಣಿಯಲ್ಲಿ ಅವರನ್ನು ಕೂರಿಸುವಾಗ ಕೆಳಗಿಳಿಯಲು ಹತ್ತಿರದವರು ಬೇಕು. ಯಾರು ಎಂದು ಅಯ್ಯನವರು ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು. ಜನರ ಹಿಂದಿನಿಂದ ತಂಗಿಯ ಮಗ ಬಂದ. ಅವನ ತಾಯಿ ದೂರದ ಬೇವಿನ ಗಿಡದ ಕೆಳಗೆ ನಿಂತಿದ್ದಳು, ಮುಂದೆ ಬರಲಿಲ್ಲ. ಅವನು ಗುಣಿಗೆ ಇಳಿದು ಮಾಮನ ಬೆನ್ನನ್ನು ಗೋಡೆಗೆ ಆನಿಸಿ ನೇರ ಕೂರಿಸಿದ. ವಿಭೂತಿ ಕೊಟ್ಟರು. ಬಲಗೈ ಮಣಿಕಟ್ಟಿನಲ್ಲಿ ತಿರುಗುತ್ತಿರಲಿಲ್ಲ; ತೋಳನ್ನೇ ತಿರುಗಿಸಿ ಹಣೆಗೆ ಹಚ್ಚಿದ. ಬೆರಳು ಕುಳಿಯ ಅಂಚಿಗೆ ಬಂದು ನಿಂತಿತು. ಆಮೇಲೆ ಹಿಡಿ ತುಂಬ ವಿಭೂತಿ ತೆಗೆದುಕೊಂಡು ಕುಳಿಯನ್ನು ತುಂಬಿದ, ತುಂಬಿ ಹೆಬ್ಬೆರಳಿನಿಂದ ಒತ್ತಿ ಹಣೆಗೆ ಸಮ ಮಾಡಿದ.

ಎಲ್ಲ ಮುಗಿದು ನಾನು ಸ್ಕೂಟಿಯ ಹತ್ತಿರ ಹೋಗಿ ಹೆಲ್ಮೆಟ್ ಹಾಕಿಕೊಂಡಿದ್ದೆ. ಅವನು ಕೈತುಂಬ ಮಣ್ಣು, ವಿಭೂತಿ ಮಾಡಿಕೊಂಡು ಬಂದು ನಿಂತ.

"ಅಕ್ಕಾರ, ಅವತ್ತ ಮೊದಲನೇ ಕಲ್ಲು ನಾನ ಹೊಡಿಸಿದ್ದೆ. ಮಾಮಾನ ತಲಿಗೇ ಹೊಡಿ ಅಂತ ಹಿಂದಿನಾವಗ ನಾನ ಹೇಳಿದ್ದೆ. ಹೆಲ್ಮೆಟ್ ಐತಿ ಅಂತ ಗೊತ್ತಿತ್ತರಿ. ಅದಕ್ಕ ಹೇಳಿದೆ."

"ಇರದಿದ್ರ?"

ಅವನು ಗುಣಿಯ ಕಡೆ ನೋಡಿದ. "ಗೊತ್ತಿಲ್ಲರಿ," ಎಂದ.

ನನ್ನ ಕೈ ಎದ್ದಿತ್ತು, ಕಾಕಾನಿಂದ ಕಲಿತ ಕೈ. ಬಾರಿಸಲಿಲ್ಲ. ಪಕ್ಕದಲ್ಲಿ ಒಂದು ಕೊಡದಲ್ಲಿ ನೀರಿತ್ತು. ಆ ಕೈಯಿಂದ ಅವನಿಗೆ ತಂಬಿಗೆ ಎತ್ತಲು ಆಗುತ್ತಿರಲಿಲ್ಲ. ನಾನೇ ತುಂಬಿಸಿ, ಅವನ ಕೈ ಪೂರ್ತಿ ತೊಳೆಯುವವರೆಗೂ ನೀರು ಹಾಕಿದೆ. ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ.